ಜಡೆ ಹಾಕಿದ ಕುದುರೆ ಮಾರಾಟಕ್ಕಿಲ್ಲ

ಮದರಾಸು,
೧೪ ಫೆಬ್ರವರಿ ೧೮೮೪

ಪ್ರೀತಿಯ ಡಾರ್ಕಸ್ ಅಕ್ಕನಿಗೆ,

ನಾನು ಬದುಕಿದ್ದೇನೆ, ಕೈಕಾಲು ನೆಟ್ಟಗಿವೆ. ಇಷ್ಟನ್ನು ಮೊದಲು ಅಪ್ಪನಿಗೆ ಓದಿ ಹೇಳು. ಮುಂದಿನದನ್ನು ನೀನೊಬ್ಬಳೇ ಓದಿಕೊಂಡು, ಎಷ್ಟು ಹೇಳಬೇಕೋ ನೀನೇ ತೀರ್ಮಾನ ಮಾಡು.

ಮೆಲ್ಬರ್ನಿನಲ್ಲಿ ಹತ್ತಿಸಿದ ಕುದುರೆಗಳಲ್ಲಿ ಎರಡು ಬಿಟ್ಟು ಉಳಿದವೆಲ್ಲ ಇಲ್ಲಿಗೆ ಮುಟ್ಟಿದವು. ದಾರಿಯುದ್ದಕ್ಕೂ ಅವು ನಿಂತೇ ಇರಬೇಕು, ಬಿದ್ದರೆ ಏಳುವುದಿಲ್ಲ. ಲ್ಯಾಚಿ ಬರ್ಜ್ ಮತ್ತು ನಾನು ಒಂದೇ ಸಾಲನ್ನು ನೋಡಿಕೊಂಡೆವು. ಕಾಲು ತಿಕ್ಕುವುದು, ಮೂಗಿಗೆ ವಿನಿಗರ್ ಒರೆಸುವುದು, ಅಲೆ ಜೋರಾದಾಗ ಅವುಗಳ ಕೊರಳಿಗೆ ಒರಗಿ ಏನಾದರೂ ಮಾತಾಡುತ್ತಾ ನಿಲ್ಲುವುದು. ನಮ್ಮ ಸಾಲಿನಲ್ಲಿ ಒಂದು ಬೂದು ಬಣ್ಣದ ಹೆಣ್ಣು ಕುದುರೆ ಇತ್ತು. ದಡ ಕಣ್ಮರೆಯಾದ ದಿನವೇ ಅದರ ಹಣೆಗೂದಲನ್ನು ನಾಲ್ಕು ಎಳೆ ಮಾಡಿ ಜಡೆ ಹಾಕಿದೆ, ತುದಿಗೆ ಕೆಂಪು ಫ್ಲಾನೆಲ್ ಕಟ್ಟಿದೆ. ಅದು ನನ್ನ ಮನೆಕುದುರೆ.

ಅಪ್ಪ ಎಷ್ಟು ಸಲ ಮಂದೆ ಮುಟ್ಟಿಸಿ ಅಂಥ ಕುದುರೆಯ ಮೇಲೆ ಮನೆಗೆ ಬಂದಿಲ್ಲ? ಮಂದೆ ಯಾರದೇ ಇರಲಿ, ಮುಟ್ಟಿಸಿದವನು ವಾಪಸ್ಸು ಬರಲು ಧಣಿ ಒಂದು ಕುದುರೆ ಬಿಡಬೇಕು. ಜಡೆ ಹಾಕಿದ ಕುದುರೆ ಮಾರಾಟಕ್ಕಿಲ್ಲ. ಮನೆ ಮುಟ್ಟಿದ ಮೇಲೆ ಗೇಟಿನ ಹತ್ತಿರ ಮನೆಯವರೇ ಆ ಜಡೆ ಬಿಚ್ಚಬೇಕು. ನೀನು ಸ್ಟೂಲಿನ ಮೇಲೆ ಹತ್ತಿ ಬಿಚ್ಚುತ್ತಿದ್ದುದು, ನನಗೂ ಬೇಕೆಂದು ನಾನು ಕೆಳಗೆ ನಿಂತು ಅಳುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸಮುದ್ರವೂ ಒಂದು ಉದ್ದದ ದಾರಿ, ಅಷ್ಟೇ ಎಂದುಕೊಂಡಿದ್ದೆ. ಲ್ಯಾಚಿಯೂ ಹಾಗೆಯೇ ಅಂದುಕೊಂಡಿದ್ದ. ಇಲ್ಲಿ ಸಂತೆ ಮೈದಾನದಲ್ಲಿ ಸೈನ್ಯದ ಅಧಿಕಾರಿ ಬಂದು ಹೊಸೂರಿನ ಲಾಯಕ್ಕೆ ಕುದುರೆಗಳನ್ನು ಆರಿಸಿದ. ನಮ್ಮ ಧಣಿ ಕ್ವೆನೆಲ್ ಎಲ್ಲದರ ಜೊತೆ ಬೂದು ಕುದುರೆಯನ್ನೂ ಮಾರಿದರು. ನಾನು ಹಗ್ಗ ಬಿಡಲಿಲ್ಲ.

"ಏನಯ್ಯಾ ಪ್ಯಾಸ್ಕೊ, ಬಿಡು ಅದನ್ನ" ಎಂದರು.

"ಇದು ನನ್ನ ಮನೆಕುದುರೆ ಸ್ವಾಮಿ. ಜಡೆ ಕಾಣ್ತಾ ಇಲ್ವಾ?"

"ಇದರ ಮೇಲೆ ಕೂತ್ಕೊಂಡು ಹೋಗ್ತೀಯೇನೋ ಮನೆಗೆ? ನೀರ್ ಮೇಲೆ?"

ಅಲ್ಲಿದ್ದವರೆಲ್ಲ ನಕ್ಕರು. ಮಾರುವುದಾದರೆ ಮಾರಿ, ಆದರೆ ಅದರ ಬದಲು ನನ್ನನ್ನು ಹಡಗು ಹತ್ತಿಸುವುದು ನಿಮ್ಮ ಕರ್ತವ್ಯ ಎಂದೆ. ಅದು ಯಾವ ಕಾಗದದಲ್ಲಿ ಬರೆದಿದೆ ಎಂದು ಕೇಳಿದರು. ಎಲ್ಲೂ ಬರೆದಿಲ್ಲ ಅಕ್ಕ. ನಮ್ಮಲ್ಲಿ ಯಾರೂ ಆ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಹಗ್ಗ ಬಿಡದಿದ್ದಕ್ಕೆ ಪೊಲೀಸರು ಬಂದು ಬಿಡಿಸಿದರು. ಕ್ವೆನೆಲ್ ಮರುದಿನವೇ ಹಡಗು ಹತ್ತಿದರು. ಮಿಕ್ಕ ಆಳುಗಳು ಬೇರೆ ಹಡಗುಗಳಲ್ಲಿ ಕಲ್ಲಿದ್ದಲು ಎತ್ತುವ ಕೆಲಸಕ್ಕೆ ಸೇರಿಕೊಂಡರು. ಲ್ಯಾಚಿಯ ಎದೆ ಸರಿಯಿಲ್ಲ, ಅವನನ್ನು ಯಾರೂ ತೆಗೆದುಕೊಳ್ಳಲಿಲ್ಲ. ಅವನನ್ನು ಬಿಟ್ಟು ನಾನು ಹೋಗಲಿಲ್ಲ. ಈಗ ಇಬ್ಬರೂ ಸರ್ಕಾರದ ದುಡಿಮೆಮನೆಯಲ್ಲಿದ್ದೇವೆ. ಗತಿಯಿಲ್ಲದ ಬಿಳಿಯರನ್ನು ಬೀದಿಯಲ್ಲಿ ಕಾಣದ ಹಾಗೆ ಇಲ್ಲಿ ಗೋಡೆಯ ಒಳಗೆ ಇಡುತ್ತಾರೆ.

ದುಡ್ಡು ಕಳಿಸಬೇಡ. ನಾನು ಭಿಕ್ಷೆ ಬೇಡಿಲ್ಲ. ನಾನು ಕೆಲಸ ಮುಗಿಸಿದವನು.

ನಿನ್ನ ತಮ್ಮ,
ಪ್ಯಾಸ್ಕೊ ಟ್ರೆಲೋರ್


ಮೆಲ್ಬರ್ನ್,
೨೦ ಮಾರ್ಚ್ ೧೮೮೪

ತಮ್ಮಾ,

ಅಪ್ಪನಿಗೆ ಪೂರ್ತಿ ಓದಿದೆ. ಏನನ್ನೂ ಬಿಡಲಿಲ್ಲ. ಅಪ್ಪ ಒಂದೇ ಮಾತು ಕೇಳಿದರು: "ಎಷ್ಟು ಎಳೆ ಜಡೆ ಅಂತೆ?" ನಾಲ್ಕು ಎಂದೆ. "ಸರಿ ಬಿಡು. ಅವನ ಕಡೆಯಿಂದ ತಪ್ಪಿಲ್ಲ" ಎಂದು ಎದ್ದು ಹೋದರು.

ಇಸ್ತ್ರಿ ಮನೆಯ ಯಜಮಾನಿಗೆ ಹಲ್ಲುನೋವು ಎಂದು ಸುಳ್ಳು ಹೇಳಿ ಸರ್ಕಾರದ ಕಚೇರಿಗೆ ಹೋಗಿದ್ದೆ. ಅಂಥ ಜಾಗದಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತಲ್ಲ. ಬೆಂಚಿನ ಮೇಲೆ ಕೂತು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಗುಮಾಸ್ತ ಹೊರಗೆ ಬಂದಾಗ ನೋಡಿದರೆ, ಅವನ ಕೊರಳಪಟ್ಟಿ ನಾನೇ ಇಸ್ತ್ರಿ ಮಾಡಿದ್ದು. ಎಡಗಡೆಯ ತುದಿ ಸ್ವಲ್ಪ ಸುಟ್ಟಿದ್ದಕ್ಕೆ ಗಂಜಿ ಹೆಚ್ಚು ಹಾಕಿ ಮುಚ್ಚಿದ್ದೆ. ಅದನ್ನು ಕಂಡ ಮೇಲೆ ನನಗೆ ಹೆದರಿಕೆ ಹೋಯಿತು.

ಅವನು ನಿನ್ನ ಕಾಗದವನ್ನು ಓದಿ, ನೀನು ನಮ್ಮ ವಸಾಹತಿನ ಗಡಿ ದಾಟಿರುವುದರಿಂದ ಈಗ ಭಾರತ ಸರ್ಕಾರದ ಹೊಣೆ ಎಂದ. ಹಾಗೆಂದು ಯಾರು ಹೇಳಿದರು ಎಂದೆ. ಹಾಗೆಯೇ ನಡೆದು ಬಂದಿದೆ ಎಂದ. ನಮ್ಮಲ್ಲೂ ಒಂದು ನಡೆದು ಬಂದಿದೆ ಎಂದು ಮನೆಕುದುರೆಯ ವಿಷಯ ಹೇಳಿದೆ. ಅವನು ಕಿಟಕಿಯ ಕಡೆ ನೋಡುತ್ತಿದ್ದ.

"ನೋಡಮ್ಮ, ಚರ್ಚಿನವರನ್ನ ಕೇಳು. ಏನಾದ್ರೂ ಚಂದಾ ಎತ್ತಿ ಕೊಡ್ತಾರೆ" ಎಂದ.

"ನಮ್ಮ ಕುದುರೆ ಇಂಡಿಯಾದಲ್ಲಿ ಹೆಸರು ಮಾಡಿದ್ರೆ ನಮ್ಮ ವಸಾಹತಿನ ಕುದುರೆ ಅಂತ ಪೇಪರ್‌ನಲ್ಲಿ ಬರೆಸ್ಕೋತೀರಿ. ಸಮುದ್ರ ದಾಟಿದ ಮೇಲೂ ಕುದುರೆ ನಮ್ಮದೇ. ಅದರ ಹಗ್ಗ ಹಿಡ್ಕೊಂಡು ಹೋದವನು ಮಾತ್ರ ಯಾರವನೂ ಅಲ್ವಾ?"

ಅರ್ಜಿ ಬರೆದುಕೊಡು ಎಂದ. ಬರೆದುಕೊಟ್ಟೆ. ಕಾಗುಣಿತ ತಪ್ಪಿರಬಹುದು. ಬರೆದದ್ದು ತಪ್ಪಿಲ್ಲ.

ಲ್ಯಾಚಿಯ ಎದೆಗೆ ಬಿಸಿನೀರಿನ ಶಾಖ ಕೊಡು. ಅವನ ಹೆಂಡತಿ ಟ್ರೈಫೀನಾ ಕೇಳಿದಳು, ಅವನು ಯಾಕೆ ಬರೆಯುವುದಿಲ್ಲ ಎಂದು.

ನಿನ್ನ ಅಕ್ಕ,
ಡಾರ್ಕಸ್


ಸರ್ಕಾರದ ಕಚೇರಿ, ಮೆಲ್ಬರ್ನ್,
೯ ಏಪ್ರಿಲ್ ೧೮೮೪

ಕುಮಾರಿ ಡಿ. ಟ್ರೆಲೋರ್ ಅವರಿಗೆ,

ತಮ್ಮ ಅರ್ಜಿಯನ್ನು ಪರಿಶೀಲಿಸಲಾಗಿದೆ. ಅರ್ಜಿಯಲ್ಲಿ ಹೆಸರಿಸಿರುವ ವ್ಯಕ್ತಿಯು ಸ್ವಂತ ಇಚ್ಛೆಯಿಂದ ಈ ವಸಾಹತನ್ನು ಬಿಟ್ಟು ಹೋಗಿರುವ ಕಾರಣ, ಹೊರನಾಡಿನಲ್ಲಿ ಆತನಿಗೆ ಒದಗಿರುವ ನಿರ್ಗತಿಕ ಸ್ಥಿತಿಗೆ ಈ ಸರ್ಕಾರವು ಹೊಣೆಯಾಗಲಾರದೆಂದು ತಿಳಿಸಲು ವಿಷಾದಿಸುತ್ತೇನೆ. ಆತನನ್ನು ಅಲ್ಲಿನ ಸರ್ಕಾರವು ತನಗೆ ಸೂಕ್ತವೆಂದು ತೋರಿದ ರೀತಿಯಲ್ಲಿ ವಿಲೇವಾರಿ ಮಾಡಬಹುದಾಗಿದೆ. ಈ ವಿಷಯದಲ್ಲಿ ಮುಂದಿನ ಪತ್ರವ್ಯವಹಾರದ ಅಗತ್ಯವಿಲ್ಲ.

ತಮ್ಮ ವಿಧೇಯ,
ಕಾರ್ಯದರ್ಶಿಯವರ ಪರವಾಗಿ


ಮದರಾಸು,
೨ ಮೇ ೧೮೮೪

ಅಕ್ಕಾ,

ನಿನ್ನ ಕಾಗದವನ್ನು ಲ್ಯಾಚಿಗೆ ಓದಿ ಹೇಳಿದೆ. ಕೊರಳಪಟ್ಟಿಯ ವಿಷಯಕ್ಕೆ ನಕ್ಕು ನಕ್ಕು ಕೆಮ್ಮು ಹತ್ತಿತು.

ಇಲ್ಲಿ ಹಳೆಯ ಹಡಗಿನ ಹಗ್ಗವನ್ನು ಬಿಡಿಸಿ ಜುಂಗು ಮಾಡುವ ಕೆಲಸ ಕೊಟ್ಟಿದ್ದಾರೆ. ಯಾರೋ ಗಟ್ಟಿಯಾಗಿ ಹೆಣೆದದ್ದನ್ನು ದಿನವೆಲ್ಲ ಬಿಚ್ಚುವುದು. ಬೆರಳ ತುದಿಗಳು ಒಡೆದಿವೆ. ಊಟಕ್ಕೆ ಕೊರತೆಯಿಲ್ಲ. ಮೇಲ್ವಿಚಾರಕ ಗ್ಯಾಡ್ ಹಿಂದೆ ಸೈನ್ಯದಲ್ಲಿದ್ದವನು, ಕೆಟ್ಟ ಮನುಷ್ಯನಲ್ಲ. ಅವನ ತಟ್ಟುಕುದುರೆಯ ಗೊರಸು ನೋಡಿಕೊಳ್ಳುತ್ತೇನೆಂದು ನನ್ನ ಮೇಲೆ ಸ್ವಲ್ಪ ವಿಶ್ವಾಸ.

ಅವನೇ ಒಂದು ಕಾಗದ ತಂದ. ಸಹಿ ಮಾಡಿದರೆ ಮದರಾಸು ಸರ್ಕಾರವೇ ಹಡಗು ಹತ್ತಿಸುತ್ತದಂತೆ. ಕಾಗದದಲ್ಲಿ ಏನಿದೆ ಗೊತ್ತೇ? ನಾನು ಅಲೆಮಾರಿ, ಈ ದೇಶಕ್ಕೆ ಯಾವ ಜೀವನೋಪಾಯವೂ ಇಲ್ಲದೆ ಬಂದವನು, ಸರ್ಕಾರದ ದಯೆಯಿಂದ ಹೊರಟಿದ್ದೇನೆ, ಮತ್ತೆ ಈ ಕಡೆ ತಲೆ ಹಾಕುವುದಿಲ್ಲ, ಎಂದು. ಆ ಹೆಸರು ನನ್ನ ಜೊತೆ ಹಡಗಿನಲ್ಲೇ ಬರುತ್ತದೆ. ಅಲೆಮಾರಿ ಎಂದು ಸರ್ಕಾರ ಹೊತ್ತು ತಂದವನ ಕೈಗೆ ನಮ್ಮ ಸೀಮೆಯಲ್ಲಿ ಯಾವ ಧಣಿ ಮಂದೆ ಕೊಡುತ್ತಾನೆ? ಅಪ್ಪ ಮಾಡಿದ ಕೆಲಸ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ?

ಮಾಡುವುದಿಲ್ಲ ಎಂದೆ.

"ಹಟ ಯಾಕಪ್ಪಾ? ಒಂದು ಗೀಟು ಎಳೆದ್ರೆ ಮನೆ ಸೇರ್ತೀಯ" ಎಂದ ಗ್ಯಾಡ್.

"ನಾನು ಕುದುರೆ ತಂದವನು ಅಂತ ಬರೀರಿ, ಈಗಲೇ ಎಳೀತೀನಿ."

"ಹಾಗೆ ಬರೆದ್ರೆ ನಿನ್ನ ಖರ್ಚು ಕುದುರೆ ತರಿಸಿದವನ ಮೇಲೆ ಬೀಳುತ್ತೆ. ಅವನು ಊರಲ್ಲಿಲ್ಲ. ಹುಡುಕೋರು ಯಾರು?"

ಇಲ್ಲಿಯ ಸರ್ಕಾರ ನಿಮ್ಮವನನ್ನು ನೀವು ಕರೆಸಿಕೊಳ್ಳಿ ಎಂದು ಅಲ್ಲಿಗೆ ಬರೆದಿದೆ. ಅಲ್ಲಿಯವರು ನಿಮ್ಮಲ್ಲಿರುವವನು ನಿಮ್ಮವನು ಎಂದು ಇಲ್ಲಿಗೆ ಬರೆದಿದ್ದಾರೆ. ನನ್ನ ವಿಷಯದಲ್ಲಿ ಇಷ್ಟು ಜನ ದೊಡ್ಡವರು ಯಾವತ್ತೂ ಬರೆದಿರಲಿಲ್ಲ.

ಲ್ಯಾಚಿ ಸಹಿ ಹಾಕಿದ. ನಾನು ಬೇಡ ಎನ್ನಲಿಲ್ಲ. ಹಡಗು ಮುಂದಿನ ತಿಂಗಳು ಅಂತೆ. ಟ್ರೈಫೀನಾಗೆ ಹೇಳು.

ಚಿನ್ನಪ್ಪ ಎಂಬ ಕುದುರೆ ಕಾಸ್ತಾರ ಗೋಡೆಯ ಆಚೆ ನಿಂತು ಒಂದು ಸುದ್ದಿ ಹೇಳಿದ. ಅವನು ಮೈಸೂರು ಸೀಮೆಯವನು, ಬೂದು ಕುದುರೆಯನ್ನು ಹೊಸೂರಿಗೆ ನಡೆಸಿಕೊಂಡು ಹೋದವನು ಅವನೇ. ಬೇರೆಯವರು ಹಾಕಿದ ಗಂಟು ತಾನು ಬಿಚ್ಚುವುದು ಸರಿಯಲ್ಲ ಎಂದು ಜಡೆಯನ್ನು ಹಾಗೇ ಬಿಟ್ಟಿದ್ದಾನಂತೆ. ಅವನಿಗೆ ನಾನು ಏನನ್ನೂ ವಿವರಿಸಿರಲಿಲ್ಲ.

ನಿನ್ನ ತಮ್ಮ, ಅಲೆಮಾರಿಯಲ್ಲದ
ಪ್ಯಾಸ್ಕೊ


ಮೆಲ್ಬರ್ನ್,
೧೦ ಜೂನ್ ೧೮೮೪

ಶ್ರೀ ಕ್ವೆನೆಲ್ ಅವರಿಗೆ,

ನಾನು ನಿಮ್ಮ ಆಳು ಪ್ಯಾಸ್ಕೊ ಟ್ರೆಲೋರನ ಅಕ್ಕ. ನಿಮ್ಮ ಮನೆಗೆ ಮೂರು ಸಲ ಬಂದಿದ್ದೆ. ಮೂರು ಸಲವೂ ನೀವು ಇಲ್ಲ ಎಂದರು. ಮೂರನೆಯ ಸಲ ನಿಮ್ಮ ಕೆಮ್ಮು ಕೇಳಿಸಿತು.

ನಿಮ್ಮ ತಂದೆ ಮಂದೆ ಹೊಡೆಯುತ್ತಿದ್ದವರು ಎಂದು ನಮ್ಮ ಅಪ್ಪ ಹೇಳಿದರು. ಅವರೂ ಮನೆಕುದುರೆಯ ಮೇಲೆ ಮನೆಗೆ ಬಂದವರೇ. ಆ ಕುದುರೆಯ ಜಡೆಯನ್ನು ಗೇಟಿನಲ್ಲಿ ಬಿಚ್ಚಿದ ಮಗು ನೀವೇ ಇರಬೇಕು. ಆದ್ದರಿಂದ ನಿಮಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ.

ಇದು ಬೇಡಿಕೆಯ ಪತ್ರವಲ್ಲ. ನಮಗೆ ಗೊತ್ತಿದೆ ಎಂದು ನಿಮಗೆ ತಿಳಿಸುವುದಕ್ಕೆ ಬರೆದಿದ್ದೇನೆ.

ಡಾರ್ಕಸ್ ಟ್ರೆಲೋರ್


ಮದರಾಸು,
೮ ಜುಲೈ ೧೮೮೪

ಅಕ್ಕಾ,

ಲ್ಯಾಚಿ ಹೋದ. ಹಡಗು ಬರುವ ಮೊದಲೇ. ಜ್ವರ ಎಂದರು. ಎದೆಗೆ ಶಾಖ ಕೊಡುತ್ತಲೇ ಇದ್ದೆ.

ಸಮಾಧಿಯ ಮೇಲೆ ಮರದ ಹಲಗೆ ನಿಲ್ಲಿಸಿದ್ದಾರೆ. ಗ್ಯಾಡ್ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ, ಒಳ್ಳೆಯ ಮನಸ್ಸಿನಿಂದಲೇ. ಅವನ ಪೂರ್ತಿ ಹೆಸರು ಹಾಕಿ 'ಲಾಕ್ಲನ್ ಬರ್ಜ್, ಅಲೆಮಾರಿ' ಎಂದು ಬರೆದಿದೆ. ಹುಟ್ಟಿದ ಊರಿಲ್ಲ, ಮಾಡಿದ ಕೆಲಸವಿಲ್ಲ, ಅದೊಂದೇ ಪದ. ಸಹಿ ಹಾಕಿದ್ದನಲ್ಲ, ಅದನ್ನು ನೋಡಿಕೊಂಡು ಬರೆದಿದ್ದಾರೆ.

ಟ್ರೈಫೀನಾಗೆ ಹೇಗೆ ಹೇಳುತ್ತೀಯೋ ಗೊತ್ತಿಲ್ಲ. ಆ ಪದವನ್ನು ಮಾತ್ರ ಹೇಳಬೇಡ.

ನನಗೆ ಸೆಪ್ಟೆಂಬರ್ ಕೊನೆಯವರೆಗೆ ಸಮಯವಿದೆಯಂತೆ. ಆಮೇಲೂ ಸಹಿ ಮಾಡದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸಬಹುದು, ಜೈಲಿನಿಂದ ನೇರವಾಗಿ ಹಡಗಿಗೆ. ಆಗಲೂ ಅದೇ ಹೆಸರು, ಅದರ ಜೊತೆ ಕೈದಿ ಎಂಬುದೂ ಸೇರುತ್ತದೆ.

ನಿಜ ಹೇಳುತ್ತೇನೆ, ನಿನ್ನೆ ಆ ಕಾಗದವನ್ನು ಕೈಗೆ ತೆಗೆದುಕೊಂಡೆ. ಗ್ಯಾಡ್ ಮಸಿಯನ್ನು ಹತ್ತಿರ ತಳ್ಳಿದ. ಆ ಹಲಗೆ ಕಣ್ಣ ಮುಂದೆ ಬಂತು. ವಾಪಸ್ಸು ಕೊಟ್ಟೆ. ಇವತ್ತು ಹಾಗೆ ಕೊಟ್ಟೆ. ನಾಳೆಯದು ಹೇಳಲಾರೆ.

ಪ್ಯಾಸ್ಕೊ


ಮೆಲ್ಬರ್ನ್,
೨೨ ಆಗಸ್ಟ್ ೧೮೮೪

ತಮ್ಮಾ,

ಟ್ರೈಫೀನಾಗೆ ಹೇಳಿದೆ. ಆ ಪದವನ್ನೂ ಹೇಳಿದೆ. ಕ್ಷಮಿಸು. ಅವಳ ಗಂಡನ ತಲೆಯ ಮೇಲೆ ಏನು ಬರೆದಿದ್ದಾರೆಂದು ಅವಳಿಗೆ ಗೊತ್ತಿಲ್ಲದೆ ನಮಗೆ ಗೊತ್ತಿರುವುದು ಸರಿಯೆನ್ನಿಸಲಿಲ್ಲ. ಅವಳು ಅಳಲಿಲ್ಲ. ಒಲೆಯ ಮೇಲಿದ್ದ ಕೆಟಲ್ ಇಳಿಸಿ, ಟೋಪಿ ಹಾಕಿಕೊಂಡು, "ಕ್ವೆನೆಲ್‌ದು ಮುಂದಿನ ಹಡಗು ಯಾವಾಗ?" ಎಂದು ಕೇಳಿದಳು.

ನನ್ನ ಇಸ್ತ್ರಿ ಕೆಲಸದ ಬಗ್ಗೆ ಕೇಳಬೇಡ. ಈಗ ನನಗೆ ಹಗಲು ಹೊತ್ತು ಬೇಕಾದಷ್ಟು ಬಿಡುವಿದೆ.

ಮೂವರೂ ದಿನಾ ಕ್ವೆನೆಲ್‌ರ ಕುದುರೆ ಅಂಗಳಕ್ಕೆ ಹೋಗುತ್ತಿದ್ದೇವೆ. ಹೌದು, ಅಪ್ಪನೂ. ಅಲ್ಲಿ ಹೊಸ ಆಳುಗಳಿದ್ದಾರೆ, ಹೆಚ್ಚಿನವರು ನಿನ್ನ ವಯಸ್ಸಿನವರು. ಅಪ್ಪ ಅವರ ಜೊತೆ ಬೇಲಿಗೆ ಒರಗಿ ನಿಂತು ಹಳೆಯ ದಾರಿಗಳ ಮಾತಾಡುತ್ತಾರೆ. ಟ್ರೈಫೀನಾ ಕಪ್ಪು ಬಟ್ಟೆಯಲ್ಲಿ ಅಲ್ಲಿ ನಿಂತರೆ ಸಾಕಾಗುತ್ತದೆ.

ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ನಿನಗೆ ಬರುವ ಕಾಗದಗಳನ್ನು ಅಲ್ಲಿ ಯಾರು ಮೊದಲು ಓದುತ್ತಾರೋ ನನಗೆ ಗೊತ್ತಿಲ್ಲ.

ಸಹಿ ಮಾಡಬೇಡ. ಕುದುರೆಗಳು ಇಳಿಯುವಾಗ ಹಣೆ ನೋಡು.

ಡಾರ್ಕಸ್


ಮದರಾಸು,
೪ ಅಕ್ಟೋಬರ್ ೧೮೮೪

ಪ್ರೀತಿಯ ಅಕ್ಕನಿಗೆ,

ಈ ಕಾಗದ ಬರುವ ಟಪಾಲು ಹಡಗಿನ ಹಿಂದೆಯೇ ನಾನೂ ಬರುತ್ತಿದ್ದೇನೆ. ಆದರೂ ಬರೆಯುತ್ತೇನೆ. ಎದುರಿಗೆ ನಿಂತರೆ ನನಗೆ ಇಷ್ಟೆಲ್ಲ ಹೇಳಲು ಬರುವುದಿಲ್ಲ.

ಕ್ವೆನೆಲ್‌ರ ಕುದುರೆಗಳು ಬಂದ ದಿನ ದಡದಲ್ಲಿ ಅಲೆ ಜೋರಿತ್ತು. ಇಳಿಸಲು ಕೈ ಸಾಲದೆ ಗ್ಯಾಡ್‌ನ ಹತ್ತಿರ ಆಳು ಕೇಳಿದರು. ಗ್ಯಾಡ್ ನನ್ನನ್ನು ಕಳಿಸಿದ. ಮೊದಲು ಇಳಿದದ್ದು ಒಂದು ಕೆಂಚು ಗಂಡು. ಅದರ ಹಣೆಯಲ್ಲಿ ಜಡೆ, ಜಡೆಯ ತುದಿಗೆ ಕೆಂಪು ಫ್ಲಾನೆಲ್. ಅದರ ಹಿಂದಿನದಕ್ಕೂ ಇತ್ತು. ಎಲ್ಲದಕ್ಕೂ ಅಲ್ಲ. ಆದರೆ ಇಡೀ ಗುಂಪಿನಲ್ಲಿ ಯಾವುದನ್ನು ಕಂಡರೆ ಕೊಳ್ಳುವವನಿಗೆ ಬಾಯಲ್ಲಿ ನೀರು ಬರುತ್ತದೋ ಅವಕ್ಕೆಲ್ಲ ಇತ್ತು. ಆರಿಸಿದ್ದು ಅಪ್ಪನ ಕಣ್ಣೇ ಎಂದು ಆಗಲೇ ಗೊತ್ತಾಯಿತು.

ಕ್ವೆನೆಲ್ ಅದನ್ನು ದಾರಿಯಲ್ಲೇ ನೋಡಿರಬೇಕು. ಹುಡುಗರ ಶೋಕಿ ಎಂದುಕೊಂಡಿದ್ದರೋ, ದಡ ಮುಟ್ಟಿದ ಮೇಲೆ ಕತ್ತರಿಸಿದರಾಯಿತು ಎಂದುಕೊಂಡಿದ್ದರೋ. ಮರುದಿನ ಮೈದಾನದಲ್ಲಿ ಅದೇ ಸೈನ್ಯದ ಅಧಿಕಾರಿ ಬಂದ. ಕೆಂಚು ಕುದುರೆಯನ್ನು ತೋರಿಸಿದ. ಹಗ್ಗ ಹಿಡಿದಿದ್ದ ಆಳು, "ಇದು ಮಾರಾಟಕ್ಕಿಲ್ಲ ಸಾಹೇಬ್ರೆ" ಎಂದ. ಮುಂದಿನದನ್ನು ತೋರಿಸಿದ. ಅಲ್ಲೂ ಅದೇ ಉತ್ತರ. ಗಟ್ಟಿಯಾಗಿ ಯಾರೂ ಮಾತಾಡಲಿಲ್ಲ. ಒಬ್ಬೊಬ್ಬರೂ ತಮ್ಮ ಕುದುರೆಯ ಪಕ್ಕದಲ್ಲಿ ನಿಂತು, ಕೇಳಿದಾಗ ಅಷ್ಟನ್ನೇ ಹೇಳಿದರು. ಹೋದ ಸಲ ಒಬ್ಬ ಹಗ್ಗ ಹಿಡಿದಾಗ ಪೊಲೀಸರು ಬಂದಿದ್ದರು. ಈ ಸಲವೂ ಬಂದರು, ಯಾರಿಂದ ಶುರು ಮಾಡಬೇಕೆಂದು ತಿಳಿಯದೆ ನಿಂತರು. ಕಾಸ್ತಾರರನ್ನು ಕರೆದು ಹಗ್ಗ ಕಸಿದುಕೊಳ್ಳಿ ಎಂದರೆ, ಚಿನ್ನಪ್ಪ ತಲೆಯ ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಳ್ಳುತ್ತಾ ಕೂತ. ಅದು ಎಷ್ಟು ಉದ್ದದ ರುಮಾಲೋ, ಮುಗಿಯಲೇ ಇಲ್ಲ.

"ಕ್ವೆನೆಲ್, ಈ ಕುದುರೆ ನಿಮ್ಮವೋ ಅಲ್ವೋ?" ಎಂದ ಅಧಿಕಾರಿ. "ತಕರಾರಿರೋ ಕುದುರೆ ನಾನು ಕೊಳ್ಳಲ್ಲ. ಇತ್ಯರ್ಥ ಮಾಡ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ತಗೊಂಡ್ ಹೋಗಿ."

ಕ್ವೆನೆಲ್ ಸಾಲಿನುದ್ದಕ್ಕೂ ನಡೆದು ಬಂದರು. ಕೊನೆಯಲ್ಲಿ ಕಟಾಂಜನದ ಕಂಬಿಗೆ ಎರಡು ಕುದುರೆ ಕಟ್ಟಿದ್ದರು. ಎರಡಕ್ಕೂ ಜಡೆ ಇತ್ತು, ಹಗ್ಗ ಹಿಡಿದವರು ಯಾರೂ ಇರಲಿಲ್ಲ. ಒಂದರ ಜಡೆಗೆ ಕೆಂಪಿನ ಬದಲು ಕಪ್ಪು ಬಟ್ಟೆ.

"ಇವು ಯಾರವು?" ಎಂದರು. ಎಲ್ಲರೂ ನನ್ನ ಕಡೆ ನೋಡಿದರು.

ನಾನು ಹೋಗಿ ಎರಡೂ ಹಗ್ಗ ಬಿಚ್ಚಿ ಹಿಡಿದುಕೊಂಡೆ.

"ಇದು ನಂದು. ಇದು ಲ್ಯಾಚಿದು."

ಅವರು ಆ ಕಪ್ಪು ಬಟ್ಟೆಯನ್ನು ಬಹಳ ಹೊತ್ತು ನೋಡಿದರು. ಅದು ಯಾರ ಉಡುಪಿನ ಅಂಚು ಎಂದು ಅವರಿಗೂ ಗೊತ್ತಾಗಿರಬೇಕು. ದಿನಾ ಅವರ ಅಂಗಳದ ಬೇಲಿಯ ಹತ್ತಿರ ನಿಂತಿದ್ದಳಲ್ಲ.

ಕೊನೆಗೆ, ಎಲ್ಲರಿಗೂ ಮರಳಿ ಹೋಗುವ ಹಡಗು ಕೊಡುತ್ತೇನೆ ಎಂದರು. ಯಾವ ಕಾಗದದಲ್ಲಿ ಬರೆದಿದೆ ಸ್ವಾಮಿ ಎಂದು ನಾನು ಕೇಳಿದೆ. ಈ ಸಲ ನಕ್ಕವರು ಬೇರೆಯವರು. ಅಲ್ಲೇ ಅಧಿಕಾರಿಯ ಮೇಜಿನ ಮೇಲೆ ಬರೆದರು. ಈಗ ಬಂದವರಿಗೆ, ನನಗೆ, ಇನ್ನು ಮುಂದೆ ಅವರ ಕುದುರೆಯ ಜೊತೆ ಸಮುದ್ರ ದಾಟುವ ಪ್ರತಿಯೊಬ್ಬನಿಗೆ. ಒಬ್ಬೊಬ್ಬರಾಗಿ ಓದಿಸಿ ಕೇಳಿಕೊಂಡು, ಹಗ್ಗ ಬಿಟ್ಟರು.

ಲ್ಯಾಚಿಯದನ್ನು ನಾನು ಬಿಡಲಿಲ್ಲ. ಸ್ಮಶಾನದ ಹಲಗೆಯ ಮೇಲೆ ಆ ಪದ ಇರುವ ತನಕ ಈ ಹಗ್ಗ ನನ್ನ ಕೈಯಲ್ಲೇ ಇರುತ್ತದೆ ಎಂದೆ. ಅದು ಸರ್ಕಾರದ ಹಲಗೆ, ಬದಲಾಯಿಸಲು ಮೇಲಿನಿಂದ ಅಪ್ಪಣೆ ಬರಬೇಕು ಎಂದು ಪೊಲೀಸಿನವರು ಹೇಳುತ್ತಿದ್ದರು. ಗ್ಯಾಡ್ ಅಲ್ಲಿಯವರೆಗೆ ಹಿಂದೆ ನಿಂತು ನೋಡುತ್ತಿದ್ದವನು, "ಬಣ್ಣದ ಡಬ್ಬಿ ನನ್ನ ಹತ್ರ ಇದೆ" ಎಂದು ಹೊರಟುಬಿಟ್ಟ. ಸಂಜೆ ನಾವೆಲ್ಲ ಹೋಗಿ ನೋಡಿದೆವು. ಅಕ್ಷರ ಸ್ವಲ್ಪ ಸೊಟ್ಟ. 'ಲಾಕ್ಲನ್ ಬರ್ಜ್, ಕುದುರೆ ತಂದವನು.' ಟ್ರೈಫೀನಾಗೆ ಈ ಪದಗಳನ್ನು ಹೀಗೆಯೇ ಓದು. ಅವಳ ಕಪ್ಪು ಬಟ್ಟೆಯನ್ನು ಹಲಗೆಗೆ ಕಟ್ಟಿ ಬಂದೆ.

ನನ್ನನ್ನು ದುಡಿಮೆಮನೆಯಿಂದ ಬಿಡುವ ದಿನ ಗ್ಯಾಡ್ ತನ್ನ ಕರ್ತವ್ಯಕ್ಕೆಂದು ಆ ಕಾಗದವನ್ನು ಮತ್ತೆ ಮುಂದಿಟ್ಟ. ಖಾಲಿಯಾಗಿಯೇ ವಾಪಸ್ಸು ಕೊಟ್ಟೆ. ಎರಡೂ ಸರ್ಕಾರಗಳು ನನ್ನ ವಿಷಯದಲ್ಲಿ ಇನ್ನೂ ಬರೆದುಕೊಳ್ಳುತ್ತಿವೆಯಂತೆ. ಬರೆದುಕೊಳ್ಳಲಿ. ನಾನು ಯಾರವನು ಎಂದು ತೀರ್ಮಾನವಾದ ಮೇಲೆ ಅವರು ನಮ್ಮ ವಿಳಾಸಕ್ಕೆ ತಿಳಿಸಬಹುದು.

ಇನ್ನು ಒಂದು ಮಾತು. ನನ್ನ ಕುದುರೆಯ ಜಡೆ ನಾಲ್ಕು ಎಳೆಯದೇ, ಅಪ್ಪನ ರೀತಿಯದೇ. ಆದರೆ ಸಡಿಲವಾಗಿತ್ತು. ಎಳೆಗಳು ಅಲ್ಲಲ್ಲಿ ಜಾರಿ, ಮತ್ತೆ ಹಿಡಿದು, ಮತ್ತೆ ಜಾರಿದ ಹಾಗಿತ್ತು. ನೀನು ಹಾಕಿದ್ದಲ್ಲ, ನಿನ್ನ ಕೈ ಬಿಗಿ. ಅಪ್ಪನ ಕೈ ಯಾವಾಗಿನಿಂದ ನಡುಗುತ್ತಿದೆ? ನೀನು ಒಂದು ಸಲವೂ ಬರೆಯಲಿಲ್ಲ.

ಕುದುರೆ ಹೊಸೂರಿಗೆ ಹೋಯಿತು. ಜಡೆಯನ್ನು ಮಾತ್ರ ಬುಡದಲ್ಲಿ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಹಡಗಿನ ಗಾಳಿಗೆ ಬಿಚ್ಚಿಹೋಗದ ಹಾಗೆ ಎರಡೂ ತುದಿಗೆ ದಾರ ಸುತ್ತಿದ್ದೇನೆ. ಅಪ್ಪನನ್ನು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರಿಸು. ಜಡೆಯನ್ನು ಅವರೇ ಬಿಚ್ಚಬೇಕು. ನೀನು ಕೈ ಹಾಕಬೇಡ. ಎಷ್ಟು ಹೊತ್ತಾದರೂ ಆಗಲಿ, ನಾನು ಅಲ್ಲೇ ನಿಂತಿರುತ್ತೇನೆ.

ಕೆಲಸ ಮುಗಿಸಿ ಮನೆಗೆ ಹೊರಟಿರುವ ನಿನ್ನ ತಮ್ಮ,
ಪ್ಯಾಸ್ಕೊ ಟ್ರೆಲೋರ್
ಕುದುರೆ ತಂದವನು